ನಾಲ್ಕು ಜನ ಎತ್ತುವ ಟ್ರಂಕು

ಮುಜೀಬೋದ್ದೀನರಿಗೆ ಸೇನೆಯ ಮೇಲೆ ಸಿಟ್ಟಿರಲಿಲ್ಲ. ಸೇನೆ ಕಳಿಸಿದ ಸಾಮಾನಿನ ಪಟ್ಟಿಯ ಹನ್ನೊಂದನೆಯ ಸಾಲಿನ ಮೇಲೆ ಮಾತ್ರ ಸಿಟ್ಟಿತ್ತು. ಒಂದರಿಂದ ಹತ್ತರತನಕ ಅವರದೇನೂ ತಕರಾರಿಲ್ಲ. ಬನಿಯನ್ನು, ಕಾಲುಚೀಲ, ಬೂಟು, ಬೂಟಿನ ಬ್ರಷ್ಷು, ಸೊಳ್ಳೆ ಪರದೆ, ಸೂಜಿ ದಾರ. ಮಗಳನ್ನು ಎಲ್ಲಿಗೆ ಕಳಿಸಿದರೂ ಕೊಟ್ಟು ಕಳಿಸಬಹುದಾದ ವಸ್ತುಗಳೇ. ಹನ್ನೊಂದನೆಯ ಸಾಲು ಹೀಗಿತ್ತು: ಟ್ರಂಕು, ಲೋಹದ್ದು, ಕಪ್ಪು ಬಣ್ಣ, ಒಂದು.

"ಕಪ್ಪಂತ," ಎಂದರು ಹೆಂಡತಿಗೆ. "ಹೆಣ್ಣುಮಗಳ ಟ್ರಂಕ ಕಪ್ಪಂತ. ಯಾವ ಶಾಣ್ಯಾ ಬರ್ದಾನೋ."

"ಅದು ಮಿಲಿಟ್ರಿ ಅದ್ರಿ. ಅಲ್ಲಿ ಗುಲಾಬಿ ಹೂ ತಗೊಂಡು ಏನ್ ಮಾಡ್ತಾರ?" ಎಂದರು ಮುನ್ನಿಬೀ, ರೊಟ್ಟಿ ತಟ್ಟುವ ಕೈ ನಿಲ್ಲಿಸದೆ.

ಈ ಸಿಟ್ಟು ಅರ್ಥವಾಗಬೇಕಾದರೆ ಮುಜೀಬೋದ್ದೀನರ ಕಸುಬು ಗೊತ್ತಿರಬೇಕು. ಬೀದರಿನ ಹಳೆ ಊರಿನಲ್ಲಿ ತಗಡಿನ ಅಂಗಡಿಗಳ ಒಂದು ಓಣಿಯಿದೆ. ಅಲ್ಲಿ ಮೂವತ್ತು ವರ್ಷದಿಂದ ಅವರು ಮದುಮಗಳ ಟ್ರಂಕು ಮಾಡುತ್ತಾ ಬಂದಿದ್ದಾರೆ. ಕೆಂಪು ಟ್ರಂಕಿಗೆ ಗುಲಾಬಿ, ಹಸಿರು ಟ್ರಂಕಿಗೆ ನವಿಲು, ಮುಚ್ಚಳದ ಒಳಗೊಂದು ಕನ್ನಡಿ. ಭಾಲ್ಕಿಯಿಂದ ಔರಾದದವರೆಗೆ ಅವರ ಟ್ರಂಕು ಇಲ್ಲದ ಓಣಿಯಿಲ್ಲ. ಮದುವೆಯ ದಿನ ಆ ಟ್ರಂಕು ಹೆಣ್ಣಿನ ಮನೆಯಿಂದ ಹೊರಬೀಳುವಾಗ ನೋಡುವುದಕ್ಕೇ ಜನ ನಿಂತಿರುತ್ತಾರೆ. ನಾಲ್ಕು ಜನ ಹಿಡಿದು ಎತ್ತಿದರೆ ಹೆಣ್ಣಿನ ಅಪ್ಪನ ಇಜ್ಜತ್ತು ಉಳಿಯಿತು. ಇಬ್ಬರೇ ಎತ್ತಿದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒಬ್ಬನೇ ಬಂದು ಕಂಕುಳಲ್ಲಿ ಇಟ್ಟುಕೊಂಡು ಹೋದನೆಂದರೆ ಆ ಮನೆಯ ಸುದ್ದಿ ಮುಂದಿನ ಮದುವೆಯತನಕ ನಡೆಯುತ್ತದೆ. ಬಡವನ ಮಗಳ ಟ್ರಂಕಿನೊಳಗೆ ಏನಿರುತ್ತದೆ, ನಾಲ್ಕು ಜೋಡಿ ಬಟ್ಟೆ. ಅದಕ್ಕೇ ಮುಜೀಬೋದ್ದೀನರು ತಗಡನ್ನೇ ದಪ್ಪ ಹಾಕಿ, ಒಳಗೆ ಕಬ್ಬಿಣದ ಪಟ್ಟಿ ಬಡಿದು, ಖಾಲಿ ಟ್ರಂಕೂ ನಾಲ್ಕು ಜನರಿಗೆ ಕೆಲಸ ಕೊಡುವಂತೆ ಮಾಡುತ್ತಿದ್ದರು. ಇದನ್ನು ಅವರು ವ್ಯಾಪಾರ ಎನ್ನುತ್ತಿರಲಿಲ್ಲ, ಪುಣ್ಯದ ಕೆಲಸ ಎನ್ನುತ್ತಿದ್ದರು.

ಎದುರು ಸಾಲಿನಲ್ಲಿ, ಸ್ವಲ್ಪ ಎಡಕ್ಕೆ, ಶರಫೋದ್ದೀನನ ಅಂಗಡಿ. ಅವನದು ತೆಳು ತಗಡು. ಅವನ ಟ್ರಂಕಿನ ಪಕ್ಕ ನಿಂತು ಕೆಮ್ಮಿದರೆ ಮುಚ್ಚಳ ತಾನೇ ತೆರೆದುಕೊಳ್ಳುತ್ತದೆ ಎಂದು ಮುಜೀಬೋದ್ದೀನರು ಗಿರಾಕಿಗಳಿಗೆ ಹೇಳುತ್ತಿದ್ದರು. ಮೂವತ್ತು ವರ್ಷ ಅವರು ಬಲಕ್ಕೆ ವಾಲಿಯೇ ಕೂತರು. ಎಡಕ್ಕೆ ಕುತ್ತಿಗೆ ತಿರುಗಿಸಲಿಲ್ಲ. ಮನೆಯಲ್ಲಿಯೂ ಅವನ ಹೆಸರು ಹೇಳುವಂತಿರಲಿಲ್ಲ.

ಇನ್ನು ಮಗಳ ವಿಷಯ. ಇರಮಳಿಗೆ ಹತ್ತೊಂಬತ್ತು, ಒಬ್ಬಳೇ ಮಗಳು. ಎರಡು ವರ್ಷ ನೌಬಾದದ ರಸ್ತೆಯಲ್ಲಿ ಹೊತ್ತು ಮೂಡುವ ಮೊದಲೇ ಓಡಿ, ಬೀದಿನಾಯಿಗಳನ್ನೂ ಓಡಿಸಿ, ಕಡೆಗೆ ಸೇನೆಯ ಮಿಲಿಟರಿ ಪೊಲೀಸಿಗೆ ಆಯ್ಕೆಯಾಗಿದ್ದಳು. ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ತರಬೇತಿ. ಅಪ್ಪ ಓಣಿಗೆಲ್ಲ ಪೇಡೆ ಹಂಚಿದರು. "ನನ್ನ ಮಗಳು ಶೇರ್ ಅದಾಳ, ಹುಲಿ. ಅಳೋರು ಯಾರರ ಇದ್ರ ಮನ್ಯಾಗ ಕುಂತು ಅಳ್ರಿ, ನನ್ನ ಮುಂದ ಅಳಬ್ಯಾಡ್ರಿ," ಎಂದು ಫರ್ಮಾನು ಹೊರಡಿಸಿದರು. ಒಳಗಿನ ಮಾತು ಬೇರೆಯೇ ಇತ್ತು. ಇರಮ ಆರು ವರ್ಷದವಳಿದ್ದಾಗಲೇ ಅವಳ ಮದುವೆಯ ಟ್ರಂಕಿನ ನಕ್ಷೆ ಅವರ ತಲೆಯಲ್ಲಿ ಸಿದ್ಧವಾಗಿತ್ತು. ಕಡುಹಸಿರು ಬಣ್ಣ, ದಾಳಿಂಬೆ ಹೂವು. ಮಗಳು ಹೋದರೆ ಬೀದರಿನಿಂದ ಭಾಲ್ಕಿಗೆ ಹೋಗಬೇಕು, ಹಬ್ಬಕ್ಕೆ ಬಸ್ಸು ಹತ್ತಿ ಬರಬೇಕು ಎಂಬ ಲೆಕ್ಕ. ಈಗ ನೋಡಿದರೆ ಕಪ್ಪು ಟ್ರಂಕು, ಮತ್ತು ಒಯ್ಯುವವರು ಸರಕಾರದವರು. ಮುಜೀಬೋದ್ದೀನರಿಗೆ ಮಗಳನ್ನು ಕಳಿಸುವ ಮನಸ್ಸೇ ಇರಲಿಲ್ಲ.

ಮನಸ್ಸಿನ ಮಾತು ಬಾಯಿಗೆ ಬರದಿದ್ದರೆ ಕೈಗೆ ಬರುತ್ತದೆ. ದಿನಕ್ಕೊಂದು ಟ್ರಂಕು ಮಾಡಿ ಬಿಸಾಕುತ್ತಿದ್ದ ಮುಜೀಬೋದ್ದೀನರಿಗೆ ಹದಿನೈದು ದಿನವಾದರೂ ಈ ಒಂದು ಟ್ರಂಕು ಮುಗಿಯಲಿಲ್ಲ. ಒಂದು ದಿನ ತಗಡು ಸೊಟ್ಟ ಎಂದರು. ಮರುದಿನ ಕೀಲು ಸರಿಯಿಲ್ಲ ಎಂದು ಕಿತ್ತರು. ಇನ್ನೊಂದು ದಿನ ಕಪ್ಪು ಬಣ್ಣ ಸಿಗಲಿಲ್ಲ ಎಂದು ಬಂದರು. (ಬೀದರಿನಂಥ ಬೀದರಿನಲ್ಲಿ ಕಪ್ಪು ಬಣ್ಣ ಸಿಗಲಿಲ್ಲವಂತೆ.)

ಒಂದು ದಿನ ಔರಾದ ತಾಲೂಕಿನ ಎಕಂಬಾದಿಂದ ಮನ್ಮಥಪ್ಪ ಬಂದರು. ಹಳೆ ಗಿರಾಕಿ, ಸೇನೆಯಲ್ಲಿ ಹವಾಲ್ದಾರರಾಗಿದ್ದು ಈಗ ಹೊಲ ನೋಡಿಕೊಂಡಿರುವವರು. ಜೋಳದ ಡಬ್ಬಿಗೆ ಮುಚ್ಚಳ ಹಾಕಿಸಲು ಬಂದವರು ಅರ್ಧಂಬರ್ಧ ಟ್ರಂಕನ್ನು ಬೆರಳಿನಿಂದ ಬಡಿದು ನೋಡಿದರು.

"ಮುಜೀಬ ಭಾಯಿ, ಇದು ಭಾಳ ದಪ್ಪ ಆಯ್ತ್ರಿ. ಟ್ರೇನಿಂಗಿಗಿ ಹಗೂರಂದು ಕೊಡ್ರಿ ಹುಡುಗಿಗಿ."

"ಹವಾಲ್ದಾರ ಸಾಬ, ನೀವು ಬಂದೂಕ ಹಿಡ್ದೋರು. ಟ್ರಂಕಿನ ಬಾಬತ್ತು ನಮಗ ಬಿಡ್ರಿ."

"ಬಿಟ್ಟೆ ನೋಡ್ರಿ. ಆದ್ರ ಹಗೂರ ಇರ್ಲಿ," ಎಂದು ಮನ್ಮಥಪ್ಪ ತಮ್ಮ ಡಬ್ಬಿ ತೆಗೆದುಕೊಂಡು ಹೋದರು. ಯಾಕೆ ಎಂದು ಮುಜೀಬೋದ್ದೀನರು ಕೇಳಲಿಲ್ಲ. ಗಿರಾಕಿಯನ್ನು ಯಾಕೆ ಎಂದು ಕೇಳುವ ಪದ್ಧತಿ ಅವರಲ್ಲಿ ಇರಲಿಲ್ಲ.

ಶುಕ್ರವಾರ ಇರಮ ಊಟಕ್ಕೆ ಕೂತಾಗ ಮೆಲ್ಲಗೆ ವಿಷಯ ತೆಗೆದಳು. "ಅಬ್ಬಾ, ಸೋಮವಾರ ರೈಲ ಅದ. ಟ್ರಂಕ ಎಲ್ಲಿಗಿ ಬಂತ್ರಿ?"

"ಆಗ್ತದ ಬೇಟಾ. ಜರಾ ಮುಚ್ಚಳದ ಕೆಲಸ ಉಳಿದದ."

"ಮುಚ್ಚಳದ ಕೆಲಸ ಹೋದ ಶುಕ್ರವಾರನೂ ಉಳಿದಿತ್ತು," ಎಂದರು ಮುನ್ನಿಬೀ. "ಊರ ಮಂದಿ ಹುಡುಗ್ಯಾರಿಗಿ ದಿನಕ್ಕೊಂದು ಮಾಡ್ತೀರಿ. ತಮ್ಮ ಮಗಳಿಗಿ ಬಂದ್ರ ತಾಜಮಹಲ ಕಟ್ಲಕತ್ತೀರಿ."

"ನೀ ಸುಮ್ನ ಕುಂದ್ರು. ಟ್ರಂಕ ಇಲ್ಲಂದ್ರ ಏನ್ ಮಾಡ್ತಾರ? ತಾರೀಖ ಮುಂದ ಹಾಕ್ತಾರ, ಅಷ್ಟೇ."

ಮುನ್ನಿಬೀ ರೊಟ್ಟಿ ಕೆಳಗಿಟ್ಟು ಗಂಡನನ್ನು ನೋಡಿದರು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಗಂಡನ ಮನಸ್ಸು ತಿಳಿಯಲು ಅಷ್ಟು ಸಾಕಾಗಿತ್ತು. ಇರಮಳೇ ಹೇಳಿದಳು.

"ಸೇನಾದಾಗ ತಾರೀಖ ಮುಂದ ಹಾಕಲ್ರಿ ಅಬ್ಬಾ, ಹೆಸರೇ ತಗದು ಹಾಕ್ತಾರ. ನಾಳೆ ಸಂಜಿ ತನಕ ನೋಡ್ತೇನಿ. ಆಗಲಿಲ್ಲಂದ್ರ ಶರಫೋದ್ದೀನ ಚಾಚಾನ ಅಂಗಡ್ಯಾಗ ಒಂದು ತಗೋತೇನಿ."

ಆ ಮನೆಯಲ್ಲಿ ಆ ಹೆಸರು ಮೊದಲ ಸಲ ಕೇಳಿಸಿತು. ಮುಜೀಬೋದ್ದೀನರು ಕೈ ತೊಳೆದು ಎದ್ದರು. ಶನಿವಾರ ಮಧ್ಯಾಹ್ನದೊಳಗೆ ಟ್ರಂಕು ತಯಾರು. ಅಂಗಡಿಯಲ್ಲಿದ್ದ ಅತಿ ದಪ್ಪ ತಗಡು, ಒಂದು ಕಡೆ ಬೇಕಾದಲ್ಲಿ ಎರಡು ಕಡೆ ಕಬ್ಬಿಣದ ಪಟ್ಟಿ, ಎಮ್ಮೆ ಕಟ್ಟಬಹುದಾದ ಕೊಂಡಿ. ಹೂವು ಬರೆಯುವಂತಿರಲಿಲ್ಲ. ಆ ಪ್ರೀತಿಯನ್ನೂ ಕಬ್ಬಿಣದಲ್ಲೇ ಬಡಿದರು. ತಕ್ಕಡಿಗೆ ಹಾಕಿದರೆ ಖಾಲಿ ಟ್ರಂಕೇ ಇಪ್ಪತ್ತಾರು ಕಿಲೋ ತೂಗಿತು. ಗುಂಡು ಬಿದ್ದರೂ ಮಗಳ ಬನಿಯನ್ನಿಗೆ ಏನೂ ಆಗುವಂತಿರಲಿಲ್ಲ.

ಸೋಮವಾರ ಬೀದರ ನಿಲ್ದಾಣಕ್ಕೆ ಭಾಲ್ಕಿಯಿಂದ ಮುಜೀಬೋದ್ದೀನರ ಅಕ್ಕ ಕುಲಸುಮಬೀ ಬಂದರು. ಪ್ರಯಾಣ ಸುಖವಾಗಲಿ ಎಂದು ಇರಮಳ ತೋಳಿಗೆ ನಾಣ್ಯ ಸುತ್ತಿದ ಇಮಾಮ ಜಾಮಿನದ ಬಟ್ಟೆ ಕಟ್ಟಿ, ಕಟ್ಟುತ್ತಲೇ ಅತ್ತು, ಅವಳ ತೋಳನ್ನು ಒದ್ದೆ ಮಾಡಿದರು. "ಆಪಾ, ಅಳೋದು ಭಾಲ್ಕ್ಯಾಗ," ಎಂದು ಮುಜೀಬೋದ್ದೀನರು ಗದರಿಸಿದರು. ಸಾಮಾನು ತುಂಬಿದ ಟ್ರಂಕನ್ನು ರೈಲಿನ ಡಬ್ಬಿಗೆ ಏರಿಸಲು ಇಬ್ಬರು ಹಮಾಲರು ಬಂದರು. ಮೊಣಕಾಲಿಗಿಂತ ಮೇಲೆ ಏಳಲಿಲ್ಲ. ಇನ್ನಿಬ್ಬರನ್ನು ಕರೆದರು.

"ಒಳಗ ಏನದ್ರಿ ಸಾಬ, ಕಲ್ಲಾ?" ಎಂದ ಒಬ್ಬ.

"ಬನಿಯನ್," ಎಂದರು ಮುಜೀಬೋದ್ದೀನರು. ನಾಲ್ಕು ಜನ ಟ್ರಂಕು ಎತ್ತಿದ್ದನ್ನು ಇಡೀ ನಿಲ್ದಾಣ ನೋಡಿತು. ರೈಲು ಹೊರಟಿತು. ಅವರು ಕಣ್ಣೀರು ಹಾಕಲಿಲ್ಲ, ಎದೆ ಸೆಟೆಸಿಯೇ ನಿಂತಿದ್ದರು. ರೈಲು ಹೋದ ಮೇಲೂ ಬಹಳ ಹೊತ್ತು ಹಾಗೇ ನಿಂತಿದ್ದರಿಂದ ಮುನ್ನಿಬೀ ಅವರ ತೋಳು ಹಿಡಿದು ಕರೆದುಕೊಂಡು ಹೋಗಬೇಕಾಯಿತು.

ಆಮೇಲಿನ ದಿನಗಳನ್ನು ಮನೆಯವರು ಹೆಚ್ಚು ಹೇಳಿಕೊಳ್ಳುವುದಿಲ್ಲ. ಮಗಳು ಓಡಲು ಏಳುತ್ತಿದ್ದ ಹೊತ್ತಿಗೆ ಮುಜೀಬೋದ್ದೀನರಿಗೆ ತಾನಾಗಿ ಎಚ್ಚರವಾಗುತ್ತಿತ್ತು. ಎದ್ದು ಬಾಗಿಲ ಚಿಲಕ ತೆಗೆದಿಟ್ಟು, ಯಾಕೆ ತೆಗೆದೆ ಎಂದು ನಿಂತು ಯೋಚಿಸುತ್ತಿದ್ದರು. ಎರಡು ದಿನ ಮೋಟಾರು ಸೈಕಲ್ಲು ತೆಗೆದು ಅವಳು ಓಡುತ್ತಿದ್ದ ರಸ್ತೆಗೆ ಒಂದು ಸುತ್ತು ಹಾಕಿ ಬಂದರು. ಕೇಳಿದರೆ, "ರಸ್ತಾ ಅಗದಾರೇನಂತ ನೋಡ್ಲಕ್ಕ ಹೋಗಿದ್ದೆ," ಎಂದರು. ಮುನ್ನಿಬೀಯೇನೂ ಕಡಿಮೆಯಲ್ಲ. ನಾಲ್ಕು ದಿನ ಒಂದೇ ಸವನೆ ಮೂರು ಜನರ ಅಡುಗೆ ಮಾಡಿ, ಮೂರನೆಯ ಪಾಲನ್ನು ಗಂಡನಿಗೇ ಬಡಿಸಿ, "ಯಾಕ ಉಳಿಸ್ಲಕತ್ತೀರಿ?" ಎಂದು ಜಗಳ ತೆಗೆದರು. ಮನೆಯಲ್ಲಿ ಸದ್ದೇ ಇರಲಿಲ್ಲ. ಜಗಳವಾದರೂ ಇರಲೆಂದು ಇಬ್ಬರೂ ಆಡಿದರು.

ಫೋನು ಭಾನುವಾರ ಮಾತ್ರ, ಹತ್ತು ನಿಮಿಷ. ಮೊದಲ ಭಾನುವಾರ ಬೆಳಿಗ್ಗೆಯಿಂದ ಮುಜೀಬೋದ್ದೀನರು ಫೋನನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತರು. ಫೋನು ಬಂತು. ಇರಮಳ ದನಿ ಸಣ್ಣಗಾಗಿತ್ತು.

"ಊಟ ಮಾಡ್ತೀ ಬೇಟಾ?"

"ಮಾಡ್ತೇನ್ರಿ. ಅಬ್ಬಾ, ಇಲ್ಲಿ ಯಾರರ ಮುಂಜಾನಿ ಹಾಜರಿಗಿ ತಡಾ ಮಾಡಿದ್ರ ಇಡೀ ಖೋಲಿಗಿ ಸಜಾ. ಎಲ್ಲರೂ ತಮ್ಮ ತಮ್ಮ ಖಾಲಿ ಟ್ರಂಕ ತಲಿಮ್ಯಾಲ ಹೊತ್ತು ಮೈದಾನ ಸುತ್ತಬೇಕು."

ಮುಜೀಬೋದ್ದೀನರ ಕೈಯಲ್ಲಿದ್ದ ಚಹಾ ಹಾಗೇ ನಿಂತಿತು.

"ಎಲ್ಲರದೂ ಐದಾರು ಕಿಲೋ ಅದ ಅಬ್ಬಾ. ಅವರು ಹಾಡ ಹಾಡ್ಕೋತ ಸುತ್ತತಾರ. ನಾ ಅರ್ಧಾ ಸುತ್ತಿನಾಗ ಕುಂತ್ಬಿಟ್ಟೆ. ಈ ವಾರ ಮೂರು ಸಲ. ಟ್ರೇನಿಂಗ ಕೊಡೋ ಉಸ್ತಾದ ಮೇಡಂ, ಓಡೋದ್ರಾಗ ಮುಂದ, ಹೊರೋದ್ರಾಗ ಹಿಂದ ಅಂತ ಬರ್ಕೊಂಡಾರ." ಅವಳ ದನಿ ಇನ್ನೂ ಇಳಿಯಿತು. "ಬಂದ್ಬಿಡ್ಲೇನ್ರಿ ಅಬ್ಬಾ?"

ಈ ಮಾತಿಗಾಗಿ ಅವರು ಎಷ್ಟು ದಿನದಿಂದ ಕಾದಿದ್ದರು. ಹೂಂ ಎಂದರೆ ಸಾಕು, ಮಗಳು ಮನೆಗೆ ಬರುತ್ತಾಳೆ, ಕಡುಹಸಿರು ಟ್ರಂಕು, ದಾಳಿಂಬೆ ಹೂವು, ಭಾಲ್ಕಿಯ ಬಸ್ಸು. ಆದರೆ ಎರಡು ವರ್ಷ ಕತ್ತಲಲ್ಲಿ ಎದ್ದು ಓಡಿದ ಹುಡುಗಿ ಸೋತು ಬರುವುದು ಬಂದೂಕಿಗಲ್ಲ, ಗುಡ್ಡಕ್ಕಲ್ಲ, ಅಪ್ಪನ ಟ್ರಂಕಿಗೆ. ಮುಜೀಬೋದ್ದೀನರು ಚಹಾ ಕೆಳಗಿಟ್ಟರು.

"ಬರಬ್ಯಾಡ," ಎಂದರು. ಮುನ್ನಿಬೀ ತಲೆಯೆತ್ತಿ ನೋಡಿದರು. "ಒಂದೇ ಹಫ್ತಾ ತಡಿ. ಹಗೂರ ಟ್ರಂಕ ಪಾರ್ಸಲ ಮಾಡ್ತೇನಿ."

ಆದರೂ ಕಸುಬಿನವನ ಗರ್ವ ಎಲ್ಲಿಗೆ ಹೋಗುತ್ತದೆ? ಇಪ್ಪತ್ತಾರು ಕಿಲೋ ಅಂದರೆ ಎಷ್ಟು ಮಹಾ ಎಂಬ ಅನುಮಾನ ಉಳಿದೇ ಇತ್ತು. ಸೋಮವಾರ ಬೆಳಿಗ್ಗೆ ಅವರು ಅಂಥದೇ ತೂಕದ ಒಂದು ಟ್ರಂಕನ್ನು ಮನೆಗೆ ತರಿಸಿ, ಕಷ್ಟಪಟ್ಟು ತಲೆಯ ಮೇಲೇರಿಸಿಕೊಂಡು ಅಂಗಳ ಸುತ್ತತೊಡಗಿದರು. ಅದು ಕೆಂಪು ಬಣ್ಣದ, ಗುಲಾಬಿ ಹೂವಿನ, ಮದುಮಗಳ ಟ್ರಂಕು. ಮುನ್ನಿಬೀ ಪೊರಕೆ ಹಿಡಿದು ಹೊರಗೆ ಬಂದವರು ನಿಂತುಬಿಟ್ಟರು.

"ಎಲ್ಲಿಗಿ ಹೊಂಟೀರಿ, ಅತ್ತಿ ಮನಿಗಿ?"

"ಮಾತಾಡಸಬ್ಯಾಡ. ಎರಡನೇ ಸುತ್ತ ನಡದದ."

ಎರಡನೆಯ ಸುತ್ತು ನಡೆಯಲಿಲ್ಲ. ಕುತ್ತಿಗೆಯಲ್ಲಿ ಕಳಕ್ ಎಂದಿತು. ಟ್ರಂಕು ಕೆಳಗೆ ಬಿತ್ತು (ಅದಕ್ಕೇನೂ ಆಗಲಿಲ್ಲ, ಅಂಗಳದ ಎರಡು ಫರಸಿ ಕಲ್ಲು ಒಡೆದವು). ಮುಜೀಬೋದ್ದೀನರು ತಲೆಯನ್ನು ಎಡಕ್ಕೆ ತಿರುಗಿಸಿಕೊಂಡು ನಿಂತಿದ್ದರು. ಆ ತಲೆ ಮತ್ತೆ ನೆಟ್ಟಗಾಗಲಿಲ್ಲ. ಡಾಕ್ಟರು ಕುತ್ತಿಗೆಗೆ ಪಟ್ಟಾ ಹಾಕಿ, ತಿಂಗಳೊಪ್ಪತ್ತು ಹೀಗೇ ಇರುತ್ತದೆ, ಸುತ್ತಿಗೆ ಮುಟ್ಟಬೇಡಿ ಎಂದರು.

ಮಂಗಳವಾರ ಅವರು ಅಂಗಡಿಯಲ್ಲಿ ತಮ್ಮ ಜಾಗದಲ್ಲಿ ಕೂತರು. ಮೂವತ್ತು ವರ್ಷ ಎಡಕ್ಕೆ ತಿರುಗದ ಕುತ್ತಿಗೆ ಈಗ ಎಡದಿಂದ ಬರುತ್ತಿರಲಿಲ್ಲ. ಕಣ್ಣೆದುರಿಗೆ ಶರಫೋದ್ದೀನನ ಅಂಗಡಿ, ಅದರ ತುಂಬ ತೆಳು ತಗಡಿನ ಟ್ರಂಕುಗಳು. ಮಂಗಳವಾರವೆಲ್ಲ ನೋಡಿದರು. ಬುಧವಾರವೂ ನೋಡಿದರು. ತಾವೇ ಮಾಡೋಣವೆಂದರೆ ಅಂಗಡಿಯಲ್ಲಿ ತೆಳು ತಗಡಿನ ಚೂರೂ ಇಲ್ಲ, ಸುತ್ತಿಗೆ ಎತ್ತಲು ಕುತ್ತಿಗೆಯೂ ಇಲ್ಲ. ಭಾನುವಾರ ಹತ್ತಿರ ಬರುತ್ತಿತ್ತು. ಗುರುವಾರ ಎದ್ದರು. ಕುತ್ತಿಗೆ ಹೇಗೂ ಆ ಕಡೆಗೇ ಇತ್ತು, ಕಾಲು ಅದರ ಹಿಂದೆ ಹೋಯಿತು.

ಶರಫೋದ್ದೀನ ಕೂತಲ್ಲಿಂದ ಏಳಲೂ ಮರೆತ.

"ಸಲಾಂ ಅಲೈಕುಂ. ಒಂದು ಟ್ರಂಕ ಬೇಕಿತ್ತು," ಎಂದರು ಮುಜೀಬೋದ್ದೀನರು. "ಕಪ್ಪು. ನಿಮ್ಮ ಕಡಿ ಎಲ್ಲಕ್ಕಿಂತ ತೆಳ್ಳಂದು ಯಾವುದದ ಅದು ಕೊಡ್ರಿ."

"ವಾಲೈಕುಂ ಸಲಾಂ. ಯಾರಿಗಿ ಭಾಯಿ?"

"ನನ್ನ ಮಗಳಿಗಿ."

ಮೂವತ್ತು ವರ್ಷ ಕೇಳಿದ್ದ ಕೆಮ್ಮಿನ ಕತೆಗೆಲ್ಲ ಶರಫೋದ್ದೀನ ಆಗ ಲೆಕ್ಕ ಚುಕ್ತಾ ಮಾಡಬಹುದಿತ್ತು. ಮಾಡಲಿಲ್ಲ. ಚಹಾ ತರಿಸಿದ, ಟ್ರಂಕು ತಾನೇ ಒರೆಸಿ ಕೊಟ್ಟ. (ಇನ್ನು ಮೇಲೆ ಅವರನ್ನು ಶರಫೋದ್ದೀನರು ಎನ್ನಬೇಕು.) ಮುಜೀಬೋದ್ದೀನರು ಅದನ್ನು ಒಂದೇ ಕೈಯಲ್ಲಿ ಎತ್ತಿ, ಕಂಕುಳಲ್ಲಿ ಇಟ್ಟುಕೊಂಡು, ಇಡೀ ಓಣಿ ನೋಡುತ್ತಿರುವಾಗ ರಸ್ತೆ ದಾಟಿದರು. ನಾಚಿಕೆಯಾಯಿತು. ಆದರೆ ಮಗಳ ತಲೆ ನೆನಪಾಗಿ ಅಷ್ಟೇ ಸಮಾಧಾನವೂ ಆಯಿತು.

ಶುಕ್ರವಾರ ನಮಾಜು ಮುಗಿಸಿ ಬರುವಷ್ಟರಲ್ಲಿ ಎದುರಿನ ಅಂಗಡಿಯ ಮೇಲೆ ಹೊಸ ಬೋರ್ಡು ಬಂದಿತ್ತು. ಯಾರೂ ತಪ್ಪಿಸಿಕೊಳ್ಳಬಾರದೆಂದು ಕನ್ನಡದಲ್ಲೊಮ್ಮೆ, ಉರ್ದುವಿನಲ್ಲೊಮ್ಮೆ ಬರೆಸಿದ್ದರು: "ಇಲ್ಲಿ ಹಗುರ ಟ್ರಂಕುಗಳು ಸಿಗುತ್ತವೆ. ಮುಜೀಬೋದ್ದೀನ ಸಾಹೇಬರು ತಮ್ಮ ಮಗಳಿಗೆ ಇಲ್ಲಿಯೇ ಖರೀದಿಸಿದ್ದಾರೆ." ಇಜ್ಜತ್ತು ಉಳಿಸಿಕೊಳ್ಳಲು ಮುಜೀಬೋದ್ದೀನರು ಮುಖ ತಿರುಗಿಸಬೇಕಿತ್ತು. ತಿರುಗಲಿಲ್ಲ. ಸಂಜೆಯತನಕ ಕೂತು ಅದನ್ನೇ ಓದಿದರು, ಎರಡೂ ಭಾಷೆಯಲ್ಲಿ.

ಭಾನುವಾರ ಫೋನು ಬಂತು.

"ಅಬ್ಬಾ, ಟ್ರಂಕ ಕಳಸಬ್ಯಾಡ್ರಿ."

"ಯಾಕ? ತಗೊಂಡು ಇಟ್ಟೀನಿ ಬೇಟಾ. ನಾಳೆ ಪಾರ್ಸಲ ಹಾಕ್ತೇನಿ. ಪಾಪಡದಂಗ ಹಗೂರ ಅದ."

"ಬ್ಯಾಡ್ರಿ. ಮೊನ್ನಿ ಮತ್ತ ಹೊರಿಸಿದ್ರು. ಹಟಾ ಹಿಡದು ಪೂರಾ ಸುತ್ತಿದೆ. ಎರಡು ಸುತ್ತ. ಮುಗಿದ ಮ್ಯಾಲ ಉಸ್ತಾದ ಮೇಡಂ ಬಂದು ನನ್ನ ಟ್ರಂಕ ತಾವೇ ಎತ್ತಿ ನೋಡಿದ್ರು. ಝಟ್ ಅಂತ ಕೆಳಗಿಟ್ಟು, ಇದು ಯಾರ ಮಾಡ್ಯಾರಂತ ಕೇಳಿದ್ರು. ನಮ್ಮ ಅಬ್ಬಾ ಅಂದೆ."

"ಏನಂದ್ರು?"

"ನನ್ನ ತಂದು ಎಲ್ಲರ ಮುಂದ ನಿಲ್ಲಿಸಿದ್ರು."

"ಮುಂದ ಅಂದ್ರ? ಮತ್ತ ಸಜಾ ಏನು?"

"ಅಲ್ರಿ ಅಬ್ಬಾ. ಇನ್ನ ಮ್ಯಾಲ ಓಡುವಾಗ ನಾ ಮುಂದ, ಉಳಿದೋರು ನನ್ನ ಹಿಂದ. ನಾ ಬರೋದಿಲ್ಲ. ಪೂರಾ ಮುಗಿಸೇ ಬರ್ತೇನಿ."

ಫೋನು ಇಟ್ಟ ಮೇಲೆ ಮುಜೀಬೋದ್ದೀನರು ಅತ್ತರು. ಮಗಳು ಹೋದದ್ದಕ್ಕೆ, ಉಳಿದದ್ದಕ್ಕೆ, ಇನ್ನು ಬೇಗ ಬರುವುದಿಲ್ಲ ಎಂಬುದಕ್ಕೆ, ಎಲ್ಲಕ್ಕೂ ಸೇರಿಸಿ ಒಂದೇ ಸಲ ಅತ್ತರು. ಮುನ್ನಿಬೀ ಸೆರಗಿನಿಂದ ಅವರ ಮುಖ ಒರೆಸಿದರು. "ಅಳ್ರಿ, ಬ್ಯಾಡ ಅನ್ನಲ್ಲ," ಎಂದರು. "ಆದ್ರ ಹೆಗಲ ಅಲ್ಲಾಡಸಬ್ಯಾಡ್ರಿ, ಕುತ್ತಿಗಿ ಹಿಡೀತದ."

ಸೋಮವಾರ ಅವರು ಅಂಗಡಿಗೆ ಹೋದಾಗ ಹೊಸ ಮನುಷ್ಯರಾಗಿದ್ದರು. ಹತ್ತು ಗಂಟೆಗೆ ಖಟಕ ಚಿಂಚೋಳಿಯಿಂದ ಗೋರಖನಾಥ ಮತ್ತು ಅವನ ಹೆಂಡತಿ ಕಾಂತಾಬಾಯಿ ಬಂದರು. ಮಗಳ ಮದುವೆ ಗೊತ್ತಾಗಿತ್ತು. ಒಳಗೆ ಬರುವ ಮೊದಲು ಕಾಂತಾಬಾಯಿ ಎದುರಿನ ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು.

"ಸಾಬ, ಅದು ಖರೇ ಏನ್ರಿ? ನಿಮ್ಮ ಮಗಳಿಗಿ ಅಲ್ಲಿಂದು ತಗೊಂಡ್ರಿ?"

ಈ ಪ್ರಶ್ನೆಗೇ ಅವರು ಕಾದಿದ್ದಂತಿತ್ತು. ಎದ್ದು ನಿಂತರು. ಮಾತು ಗಿರಾಕಿಗೆ, ಮುಖ ಶರಫೋದ್ದೀನರಿಗೆ.

"ತಗೊಂಡಿದ್ದು ಖರೇ. ಆದ್ರ ಆಕಿ ಒಲ್ಲೆ ಅಂದಳು. ನನ್ನ ಮಗಳು ಈ ಮುಜೀಬೋದ್ದೀನನ ಟ್ರಂಕ ತಲಿಮ್ಯಾಲ ಹೊತ್ತು ಮೈದಾನ ಸುತ್ತತಾಳ, ಇಪ್ಪತ್ತಾರು ಕಿಲೋ. ಮಿಲಿಟ್ರಿಯವರೇ ಎತ್ತಿ ನೋಡಿ ಕೆಳಗಿಟ್ಟಾರ. ಹೊರೋ ತಾಕತ್ತ ಇದ್ದೋರು ಇಲ್ಲಿ ತಗೋರಿ. ಇಲ್ಲದೋರು ಎದುರಿಗಿ ಹೋಗ್ರಿ."

ಗೋರಖನಾಥ ಹೆಂಡತಿಯ ಮುಖ ನೋಡಿದ. ಕಾಂತಾಬಾಯಿ ಪಕ್ಕದ ಟ್ರಂಕಿನ ಕೊಂಡಿ ಹಿಡಿದು ಎತ್ತಿ ನೋಡಿದಳು.

"ನಮ್ ಹುಡುಗಿ ಭಾಳ ನಾಜೂಕ ಅದಾಳ್ರಿ," ಎಂದು ಕೈ ಮುಗಿದು, ಗಂಡನನ್ನು ಕರೆದುಕೊಂಡು ಎದುರಿನ ಅಂಗಡಿಗೆ ಹೋದಳು. ಅವರು ರಸ್ತೆ ದಾಟಿದ್ದು, ಶರಫೋದ್ದೀನರು ಎದ್ದು ಬಂದು ಸ್ವಾಗತಿಸಿದ್ದು, ಚಹಾ ತರಿಸಿದ್ದು, ಗೋರಖನಾಥ ಒಂದು ಟ್ರಂಕನ್ನು ಒಂದೇ ಕೈಯಲ್ಲಿ ಎತ್ತಿ ನಕ್ಕದ್ದು, ಎಲ್ಲವನ್ನೂ ಮುಜೀಬೋದ್ದೀನರು ಮೊದಲಿನಿಂದ ಕೊನೆಯತನಕ ನೋಡಿದರು. ಡಾಕ್ಟರ ಪ್ರಕಾರ ಇನ್ನೂ ಮೂರು ವಾರ ನೋಡಬೇಕಿತ್ತು.